ಮೂವತ್ತೆರಡು ಕಾಲಿನ ಹುಳ

ಮಹಾಗಾಂವದ ಮಾಪಣ್ಣನನ್ನು ಒಂದೆಡೆ ಕೂರಿಸಿದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಕಲಬುರಗಿಯ ರೋಜಾ ಬಡಾವಣೆಯ ಚಹಾ ಹೋಟೆಲಿನಲ್ಲಿ ಅವನ ಪಕ್ಕ ಕೂತವರು ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡಿರಬೇಕಾಗಿತ್ತು. ಮೇಜಿನ ಮೇಲಿಟ್ಟರೋ, ಅವನ ಎಡಗಾಲಿನ ಕುಣಿತಕ್ಕೆ ಅರ್ಧ ಚಹಾ ಬಸಿಗೆ ಇಳಿದಿರುತ್ತಿತ್ತು. ಬಸ್ಸು ಹತ್ತು ನಿಮಿಷ ತಡವಾದರೆ ನಡೆಯಲು ಶುರುಮಾಡಿ, ಎರಡು ಸ್ಟಾಪುಗಳ ನಡುವೆ ಅದೇ ಬಸ್ಸು ತನ್ನನ್ನು ದಾಟಿ ಹೋಗುವುದನ್ನು ನೋಡಿ, ಕಂಡಕ್ಟರನನ್ನು ಬೈಯುವ ಜಾತಿ. "ನನ್ನ ಹೊಟ್ಟ್ಯಾಗ ಒಂಬತ್ತು ತಿಂಗಳ ಇಂವ ಹ್ಯಾಂಗ ಕುಂತಿದ್ದ ಅಂತೀರಿ?" ಎಂದು ತಾಯಿ ಪುತಳಾಬಾಯಿ ಬಂದವರನ್ನೆಲ್ಲ ಕೇಳುತ್ತಿದ್ದಳು. ಉತ್ತರವನ್ನೂ ತಾನೇ ಕೊಡುತ್ತಿದ್ದಳು: "ಕುಂತಿರಲಿಲ್ಲ. ಎಂಟಕ್ಕ ಬಂದುಬಿಟ್ಟ."

ಹುಟ್ಟಿದ್ದು ಅರವತ್ತೆರಡನೇ ಇಸವಿಯ ಆಸುಪಾಸು. ಆಗ ಊರ ಕಟ್ಟೆಯ ಮೇಲೆ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಪಂಚಾಯಿತಿಯ ರೇಡಿಯೊ, ಪೆಟ್ಟಿಗೆಗೆ ಒಂದು ಬೀಗ. ಬೀಗದವನು ಸಂಜೆ ಬಂದು ತೆಗೆದರೆ ಊರು ಕೇಳಬೇಕು, ಅವನು ಜ್ವರ ಬಂದು ಮಲಗಿದರೆ ರೇಡಿಯೊ ಕೂಡ ಮಲಗಬೇಕು. ಮಾಪಣ್ಣನ ಕೇರಿಯವರು ಕಟ್ಟೆ ಹತ್ತುವಂತಿರಲಿಲ್ಲ. ಬೇವಿನ ಗಿಡದ ಆಚೆ ನಿಂತು ಕೇಳಬೇಕಾಗಿತ್ತು. ಹನ್ನೆರಡು ವರ್ಷದ ಮಾಪಣ್ಣ ಒಂದು ಮಧ್ಯಾಹ್ನ, ಊರೆಲ್ಲ ಜೋಳದ ರಾಶಿಗೆ ಹೋಗಿದ್ದಾಗ, ಕಟ್ಟೆ ಹತ್ತಿ ಪೆಟ್ಟಿಗೆಯ ಹಿಂದಿನ ಹಲಗೆಯ ನಾಲ್ಕು ತಿರುಪು ಬಿಚ್ಚಿದ. ಮುಂದೆ ಬೀಗ ತನ್ನ ಪಾಡಿಗೆ ತಾನು ನೇತಾಡುತ್ತಿತ್ತು. ಬಿದ್ದ ಪೆಟ್ಟು ಅಷ್ಟಿಷ್ಟಲ್ಲ. ಆದರೆ ಬೀಗ ಇರುವ ಕಡೆಯೆಲ್ಲ ಹಿಂದೆ ಎಲ್ಲೋ ನಾಲ್ಕು ತಿರುಪು ಇದ್ದೇ ಇರುತ್ತವೆ ಎನ್ನುವುದು ಅವತ್ತು ಅವನ ತಲೆ ಹೊಕ್ಕಿತು. ಮತ್ತೆ ಹೊರಗೆ ಬರಲಿಲ್ಲ.

ಎಂಬತ್ತರ ದಶಕವಿಡೀ ಅವನು ರೋಜಾದಲ್ಲಿ ಕರೀಂಸಾಬರ ರೇಡಿಯೊ ರಿಪೇರಿ ಅಂಗಡಿಯಲ್ಲಿ ದುಡಿದ. ದರ್ಗಾದ ಉರುಸಿನ ದಿನಗಳಲ್ಲಿ ಅಂಗಡಿಯ ಮುಂದೆ ಕೆಟ್ಟ ಲೌಡ್‌ಸ್ಪೀಕರುಗಳ ರಾಶಿ ಬೀಳುತ್ತಿತ್ತು. ಕರೀಂಸಾಬರು ಒಂದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಮಾಪಣ್ಣ ಮೂರನ್ನು ಬಿಚ್ಚಿರುತ್ತಿದ್ದ, ಎರಡನ್ನು ಜೋಡಿಸಿರುತ್ತಿದ್ದ. ಮದುವೆಯ ಮಾತೂ ಬಂದಿತ್ತು. ಹುಮನಾಬಾದಿನ ಕಡೆ ಹೆಣ್ಣು ನೋಡಲು ಹೋದವನು, ಹುಡುಗಿ ಚಹಾ ತರುವುದು ತಡವಾಯಿತೆಂದು, ಗೋಡೆಯ ಮೇಲೆ ನಿಂತುಹೋಗಿದ್ದ ಗಡಿಯಾರವನ್ನು ಇಳಿಸಿ ಬಿಚ್ಚಿಕೊಂಡು ಕೂತ. ಹುಡುಗಿ ಬಂದಳು, ಕಪ್ಪು ಇಟ್ಟಳು, ಹೋದಳು; ಇವನು ತಲೆ ಎತ್ತಲಿಲ್ಲ. ಗಡಿಯಾರ ನಡೆಯಿತು, ಮದುವೆ ನಿಂತಿತು. ಎರಡನೇ ಮನೆಯಲ್ಲಿ ಏನಾಯಿತೆಂದು ಅವನು ಯಾರಿಗೂ ಹೇಳಲಿಲ್ಲ, ಮೂರನೆಯ ಮನೆಗೆ ಯಾರೂ ಕರೆದೊಯ್ಯಲಿಲ್ಲ.

ತೊಂಬತ್ಮೂರರಲ್ಲಿ ಕರೀಂಸಾಬರು ತೀರಿಕೊಂಡು ಅಂಗಡಿ ಮುಚ್ಚಿದಾಗ, ಅವನು ಕಲಬುರಗಿಯ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅಟೆಂಡರಾದ. ಗಾಜಿಪುರದಲ್ಲಿ ಒಂದು ಕೋಣೆ ಹಿಡಿದ. ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವುದು, ಹುಡುಗರ ಚಪ್ಪಲಿ ಹೊರಗೆ ಸಾಲಾಗಿ ಬಿಡಿಸುವುದು, ಯಂತ್ರಗಳ ಮೇಲಿನ ಹೊದಿಕೆ ತೆಗೆದು ಮಡಚುವುದು, ಸಂಜೆ ಮತ್ತೆ ಹೊದಿಸುವುದು. ಆಗ ಕಂಪ್ಯೂಟರಿಗೆ ದೇವರ ಮರ್ಯಾದೆ. ಸೇರಿದ ಎರಡನೇ ವಾರದಲ್ಲೇ ಲ್ಯಾಬಿನ ಉಸ್ತುವಾರಿ ಶ್ರೀನಿವಾಸ ಸರ್ ಅವನನ್ನು ಕರೆದು, "ಮಾಪಣ್ಣ, ಕೀಬೋರ್ಡ್ ಮುಟ್ಟಬ್ಯಾಡ್ರಿ" ಅಂದಿದ್ದರು. ಮೃದುವಾಗಿಯೇ ಅಂದಿದ್ದರು. ಅವರು ಯಾರನ್ನೂ ಗದರಿಸುವವರಲ್ಲ. ಹಣೆಗೆ ಅಂಗಾರ, ಅಕ್ಷತೆ, ಕಿಸೆಯಲ್ಲಿ ಪಂಢರಪುರದ ಕುಂಕುಮದ ಪೊಟ್ಟಣ, ಬಾಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ. ಆದರೆ ಮಾಪಣ್ಣನಿಗೆ ಆ ಮಾತು ಬೇವಿನ ಗಿಡದ ಆಚೆ ನಿಲ್ಲು ಎಂದಂತೆ ಕೇಳಿಸಿತು. ಮುಟ್ಟಲಿಲ್ಲ. ಕೆಟ್ಟ ಯಂತ್ರ ಬಿಚ್ಚುವಾಗ ಮಾತ್ರ ಎಲ್ಲರಿಗೂ ಮಾಪಣ್ಣ ಬೇಕಾಗಿತ್ತು. ಬಿಚ್ಚುವುದಕ್ಕೆ ಕೀಬೋರ್ಡ್ ಬೇಡವಲ್ಲ. ಹೀಗೆ ಹನ್ನೊಂದು ವರ್ಷ ಹೋಯಿತು. ನೋಡಿ ನೋಡಿಯೇ ಕಲಿತ ಮನುಷ್ಯ, ಕಲಿತದ್ದನ್ನು ಬೆರಳ ತುದಿಯಲ್ಲೇ ಇಟ್ಟುಕೊಂಡು ಚಡಪಡಿಸಿದ.

ಈಗ ಕಮಲಾಪುರದ ಮಾತಿಗೆ ಬರೋಣ. ಅಲ್ಲಿ ಅವನ ತಂಗಿ ಕಸ್ತೂರಿಬಾಯಿ ಬುದ್ಧವಿಹಾರದ ಹಿಂದಿನ ಹಾಲಿನಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ತಾಯಿ ಪುತಳಾಬಾಯಿಯೂ ಅವಳ ಜೊತೆಯಲ್ಲೇ ಇದ್ದು, ಒಂದು ಮೂಲೆಯಲ್ಲಿ ಕೂತು ಹಳೆ ಬಟ್ಟೆಗಳ ಕೌದಿ ಹೊಲಿಯುತ್ತಿದ್ದಳು. ಎರಡು ಸಾವಿರದ ಎರಡರಲ್ಲಿ ಯಾವುದೋ ಊರಿನ ಕಂಪ್ಯೂಟರ್ ತರಬೇತಿ ಕಂಪನಿಯವರು ಬಂದು ಆ ಹಾಲಿನಲ್ಲಿ ಎಂಟು ಯಂತ್ರ ಇಟ್ಟರು. ಒಂದು ವರ್ಷ ಕಲಿಸಿದರು. ಒಂದು ದಿನ ಕಲಿಸುವವನು ಬರಲಿಲ್ಲ, ಆಮೇಲೆ ಯಾರೂ ಬರಲಿಲ್ಲ. ಬಾಡಿಗೆಯ ಬದಲು ಯಂತ್ರ ಇಟ್ಟುಕೊಳ್ಳಿ ಎಂದು ಒಂದು ಚೀಟಿ ಮಾತ್ರ ಬಂತು.

ಯಂತ್ರ ಇಟ್ಟುಕೊಂಡು ಏನು ಮಾಡುವುದು? ಸ್ವಿಚ್ಚು ಒತ್ತಿದರೆ ಪರದೆಯ ಮೇಲೆ ಕಂಪನಿಯ ಹಳದಿ ಸೂರ್ಯ ಮೂಡುತ್ತಿತ್ತು. ಕೆಳಗೆ ಒಂದು ಖಾಲಿ ಡಬ್ಬಿ: ಈ ತಿಂಗಳ ಸಂಖ್ಯೆ ಹಾಕಿ. ಮೊದಲೆಲ್ಲ ಒಂದನೇ ತಾರೀಖು ಕಂಪನಿಯಿಂದ ಫೋನು ಬಂದು ಆ ಸಂಖ್ಯೆ ಸಿಗುತ್ತಿತ್ತು. ಈಗ ಆ ಫೋನು ಸತ್ತಿತ್ತು. ಡಿಸ್ಕು ಬದಲಿಸಿದರೂ ಸೂರ್ಯ, ಸೀಡಿ ಹಾಕಿದರೂ ಸೂರ್ಯ. ಬೋರ್ಡು ಮಾಡಿದ ಕಂಪನಿಯನ್ನು ಕೇಳಿದರೆ, ಅದು ಅವರಿಗಾಗಿಯೇ ಮಾಡಿಸಿದ್ದು, ಅವರನ್ನೇ ಕೇಳಿ ಎಂಬ ಉತ್ತರ.

ಇತ್ತ ಹದಿನೆಂಟು ಹುಡುಗಿಯರು ಕಂಪ್ಯೂಟರ್ ಪರೀಕ್ಷೆಗೆ ಹೆಸರು ಕೊಟ್ಟಿದ್ದರು. ಎರಡು ಸಾವಿರದ ನಾಲ್ಕರ ಫೆಬ್ರುವರಿ ಹತ್ತಕ್ಕೆ ಪರೀಕ್ಷಾ ಮಂಡಳಿಯ ಸಾಹೇಬರು ಬಂದು ನೋಡುವವರಿದ್ದರು. ಅವತ್ತು ಹಾಲಿನಲ್ಲಿ ನಾಲ್ಕಾದರೂ ಯಂತ್ರ ನಡೆಯುತ್ತಿದ್ದರೆ ಪರೀಕ್ಷೆ ಕಮಲಾಪುರದಲ್ಲೇ. ಇಲ್ಲವಾದರೆ ಕಲಬುರಗಿಗೆ ಹೋಗಿ ಬರೆಯಬೇಕು. ಕಲಬುರಗಿಗೆ ಮೂರು ದಿನ ಒಂಟಿಯಾಗಿ ಮಗಳನ್ನು ಕಳಿಸುವ ಮನೆ ಆ ಹದಿನೆಂಟರಲ್ಲಿ ಒಂದೋ ಎರಡೋ. "ಅಣ್ಣಾ, ಈ ವರ್ಷ ತಪ್ಪಿದರ ಇವರ ಲಗ್ನಾ ಮಾಡಿಬಿಡ್ತಾರ. ಮತ್ತ ಯಾರೂ ತಿರುಗಿ ಬರಂಗಿಲ್ಲ" ಎಂದಳು ಕಸ್ತೂರಿಬಾಯಿ. ಅದನ್ನು ಹೇಳುವಾಗ ಅವಳು ಕತ್ತರಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತಲಿಲ್ಲ. ಹತ್ತನೇ ಇಯತ್ತೆ ಪಾಸಾದ ವರ್ಷವೇ ಅವಳಿಗೂ ಲಗ್ನ ಮಾಡಿದ್ದರು.

ಮಾಪಣ್ಣ ಒಂದು ಯಂತ್ರವನ್ನು ಬಿಚ್ಚಿ, ಬೋರ್ಡಿನ ಮೂಲೆಯಲ್ಲಿದ್ದ ಕಪ್ಪು ಚಿಪ್ಪಿನ ಮೇಲೆ ಬೆರಳಿಟ್ಟ. ಸಾಕೆಟ್ಟಿನಲ್ಲಿ ಕೂತ, ಎರಡು ಕಡೆ ಹದಿನಾರು ಹದಿನಾರು ಕಾಲಿನ ಹುಳ. ಕರೀಂಸಾಬರ ಅಂಗಡಿಯಲ್ಲಿ ಇಂಥವಕ್ಕೆಲ್ಲ ಹುಳ ಎಂದೇ ಹೆಸರು. ಯಂತ್ರಕ್ಕೆ ಕರೆಂಟು ಬಂದ ಕೂಡಲೇ ಮೊದಲು ಎಚ್ಚರಾಗುವುದು ಈ ಹುಳದಲ್ಲಿ ಬರೆದ ಪ್ರೋಗ್ರಾಂ. ಮೆಮೊರಿ ಎಲ್ಲಿದೆ, ಡಿಸ್ಕು ಎಲ್ಲಿದೆ ಎಂದು ಎಲ್ಲರನ್ನೂ ಎಬ್ಬಿಸಿ, ಆಮೇಲಷ್ಟೇ ಉಳಿದ ಕೆಲಸ ನಡೆಯಲು ಬಿಡುತ್ತದೆ. ಅದಕ್ಕೆ ಬಯೋಸ್ ಎನ್ನುತ್ತಾರೆ. ಸೂರ್ಯ ಕೂತಿದ್ದದ್ದು ಅಲ್ಲಿ.

ಇದನ್ನು ಅವನು ಶ್ರೀನಿವಾಸ ಸರ್‌ಗೆ ಹೇಳಿದ. ಬೇರೆ ಯಾರಿಗೆ ಹೇಳಬೇಕು? ಇಂಗ್ಲಿಷು ಅವರಿಗೆ ಬರುತ್ತಿತ್ತು. ಸರ್ ನಾಲ್ಕು ದಿನ ಇಂಟರ್ನೆಟ್ಟಿನಲ್ಲಿ ಹುಡುಕಿ ಕಣ್ಣರಳಿಸಿಕೊಂಡು ಬಂದರು. ಆ ಹುಳದೊಳಗಿನ ಪ್ರೋಗ್ರಾಂ ಅನ್ನೇ ಅಳಿಸಿ, ಅದರ ಜಾಗದಲ್ಲಿ ಯಾರ ಗುಟ್ಟೂ ಇಲ್ಲದ, ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಪ್ರೋಗ್ರಾಂ ಹಾಕುವ ಒಂದಿಷ್ಟು ಮಂದಿ ಇದ್ದಾರಂತೆ. ಯಾವ್ಯಾವುದೋ ದೇಶದವರು, ಒಬ್ಬರ ಮುಖ ಒಬ್ಬರು ನೋಡದವರು, ಪತ್ರದಲ್ಲೇ ಜಗಳವಾಡುತ್ತ ಬರೆಯುತ್ತಾರಂತೆ. "ಅರೇ ಬಾಬಾ, ನಿಮ್ಮ ಕಮಲಾಪುರದ ಬೋರ್ಡಿಗೂ ಹತ್ತತದರೀ!" ಎಂದರು ಸರ್. ಮಾಪಣ್ಣ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದ.

ಹುಳದ ಮೇಲೆ ಬರೆಯಲು ನಡೆಯುವ ಯಂತ್ರವೊಂದು ಬೇಕು; ಅದೆಲ್ಲಿ? ಕಾಲೇಜಿನ ಯಂತ್ರಗಳಿಗೆ ಸೀಲು. ಒಡೆದರೆ ನೌಕರಿ ಹೋಯಿತು. ರೋಜಾದ ಗುಜರಿ ಅಂಗಡಿಯ ಇಮಾಮುದ್ದೀನ್ ಒಂದು ಹಳೆಯ ಬೋರ್ಡು ಹುಡುಕಿ ಕೊಟ್ಟ. ಅದು ಬೇರೆ ಮಾದರಿ, ಅದರ ಪ್ರೋಗ್ರಾಂ ಕಮಲಾಪುರದ ಯಂತ್ರಕ್ಕೆ ಆಗದು. ಆದರೆ ಹುಳದ ಸಾಕೆಟ್ಟು ಮಾತ್ರ ಅದೇ ತರಹದ್ದು. ಉಪಾಯ ಇಷ್ಟು: ಗುಜರಿ ಬೋರ್ಡನ್ನು ಅದರ ಸ್ವಂತ ಹುಳದಿಂದ ಚಾಲೂ ಮಾಡಬೇಕು, ಅದು ಓಡುತ್ತಿರುವಾಗಲೇ ಆ ಹುಳವನ್ನು ಕಿತ್ತು, ಸೂರ್ಯನ ಹುಳ ಕೂರಿಸಿ, ಅದರ ಮೇಲೆ ಹೊಸದು ಬರೆಯಬೇಕು. ನಡೆಯುತ್ತಿರುವ ಗಾಡಿಯ ಗಾಲಿ ಬದಲಿಸಿದ ಹಾಗೆ. ಆ ಗುಜರಿ ಹುಳ ಒಂದೇ ಒಂದು. "ಇದರ ಜೋಡಿ ಇನ್ನೊಂದ್ ಇಲ್ಲ ಭಾಯ್. ಮುಂದಿನ ಮಾಲು ಉರುಸ್ ಆದಮ್ಯಾಲೆ" ಎಂದು ಇಮಾಮುದ್ದೀನ್ ಹೇಳಿಯೇ ಕೊಟ್ಟಿದ್ದ.

ಜನವರಿಯ ಕೊನೆಯ ಭಾನುವಾರ ಇಬ್ಬರೂ ಕಮಲಾಪುರದ ಹಾಲಿನಲ್ಲಿ ಕೂತರು. ಅಂದರೆ ಸರ್ ಕೂತರು. ಹುಳ ಕೀಳಲು ಮಾಪಣ್ಣ ಸ್ಕ್ರೂಡ್ರೈವರ್ ತೆಗೆದಾಗ ಪುತಳಾಬಾಯಿ ಮೂಲೆಯಿಂದಲೇ ಗದರಿದಳು. "ಏ, ಒಂದ ಕಡೀಂದ ಎಬ್ಬಿಸಿದರ ಕಾಲು ಮುರೀತಾವ. ಎರಡೂ ಕಡೀಂದ ಸಮ ಎತ್ತಬೇಕು." ಎದ್ದು ಬಂದು, ಕೌದಿಯ ದಾರವನ್ನು ಎರಡೆಳೆ ಮಾಡಿ, ಮೇಣದ ಉಂಡೆಯ ಮೇಲೆ ನಾಲ್ಕು ಸಲ ಎಳೆದು ಕೊಟ್ಟಳು. ಹುಳದ ಎರಡು ತುದಿಯ ಕೆಳಗೂ ಆ ದಾರ ತೂರಿಸಿ, ಮೇಲೆ ಕುಣಿಕೆ ಹಾಕಿಟ್ಟರೆ, ಯಂತ್ರ ಓಡುತ್ತಿರುವಾಗ ನೆಟ್ಟಗೆ ಮೇಲಕ್ಕೆ ಎಳೆಯಬಹುದಿತ್ತು. ಹುಳ ತೊಟ್ಟು ಕಳಚಿದ ಹಣ್ಣಿನಂತೆ ಬಂತು. ಸೂರ್ಯನ ಎಂಟು ಹುಳಗಳಿಗೂ ಒಂದನೇ ಕಾಲಿನ ಕಡೆ ಯಾವುದೆಂದು ತಿಳಿಯಲು ಕಸ್ತೂರಿಬಾಯಿ ಹುಡುಗಿಯೊಬ್ಬಳ ನೇಲ್‌ಪಾಲಿಶಿನಿಂದ ಕೆಂಪು ಬೊಟ್ಟು ಇಟ್ಟಿದ್ದಳು. ತಿರುವುಮುರುವು ಕೂರಿಸಿದರೆ ಹುಳ ಸುಟ್ಟುಹೋಗುತ್ತದೆ.

ಮೊದಲ ಹುಳದ ಮೇಲೆ ಬರೆದಾಯಿತು. ಅದನ್ನು ಕಮಲಾಪುರದ ಯಂತ್ರಕ್ಕೆ ಕೂರಿಸಿ, ಸರ್ ಲಿನಕ್ಸ್ ಎಂಬ ಅಂಥದೇ ಮುಕ್ತ ಪ್ರೋಗ್ರಾಂ ತುಂಬಿಟ್ಟ ಡಿಸ್ಕನ್ನು ಜೋಡಿಸಿ, ಮಾಪಣ್ಣ ಸ್ವಿಚ್ಚು ಒತ್ತಿದ. ಸೂರ್ಯ ಬರಲಿಲ್ಲ. ಸೂರ್ಯ ಬಾರದಿದ್ದುದಕ್ಕೆ ಕಸ್ತೂರಿಬಾಯಿ ಚಪ್ಪಾಳೆ ತಟ್ಟಿದಳು. ಆದರೆ ಏನೂ ಬರಲಿಲ್ಲ. ಪರದೆ ಕಪ್ಪಗೇ ಇತ್ತು. ಮಾಪಣ್ಣ ಸ್ವಿಚ್ಚು ಆರಿಸಿದ, ಹಾಕಿದ. ಕಪ್ಪು. ಮೆಮೊರಿ ಕಿತ್ತು ಕೂರಿಸಿದ, ಹಾಕಿದ. ಕಪ್ಪು. ಐದು ಸಲ, ಆರು ಸಲ. "ಸತ್ತದ" ಎಂದು ಹುಳವನ್ನು ಕಿತ್ತು, ತಾಯಿಯ ಸೂಜಿದಾರದ ತಗಡಿನ ಡಬ್ಬಿಯಲ್ಲಿ ಒಗೆದ. ಸರ್, ಆ ಮಂದಿಗೆ ಪತ್ರ ಬರೆದು ಕೇಳುತ್ತೇನೆ ಎಂದರು. ಮಾಪಣ್ಣ ಹಾಲಿನ ಹೊರಗೆ ಹೋಗಿ ಬಸ್ ಸ್ಟ್ಯಾಂಡಿನವರೆಗೆ ನಡೆದು, ಬಂದು, ಮತ್ತೆ ನಡೆದ.

ಶುಕ್ರವಾರ ಇಬ್ಬರೂ ರಜೆ ಹಾಕಿ ಮತ್ತೆ ಬಂದರು. ಪರೀಕ್ಷಾ ಮಂಡಳಿಯವರು ಬರಲು ಹನ್ನೊಂದು ದಿನ ಉಳಿದಿತ್ತು. ಪತ್ರಕ್ಕೆ ಇನ್ನೂ ಉತ್ತರವಿರಲಿಲ್ಲ. ಪ್ರೋಗ್ರಾಂ ಅನ್ನು ಸ್ವಲ್ಪ ಬದಲಿಸಿ ಎರಡನೇ ಹುಳದ ಮೇಲೆ ಬರೆದು ನೋಡೋಣ ಎಂಬ ಯೋಚನೆ. ಮಾಪಣ್ಣ ಸುಮ್ಮನಿರಲಾರದೆ ಗುಜರಿ ಹುಳವನ್ನು ಕಿತ್ತು, ರಬ್ಬರಿನಿಂದ ಅದರ ಕಾಲುಗಳನ್ನು ಉಜ್ಜಿ ಮೇಜಿನ ಮೇಲಿಟ್ಟ. ಆಮೇಲೆ ದಾರಕ್ಕಾಗಿ ತಾಯಿಯ ಹತ್ತಿರ ಹೋದ. ತಿರುಗಿ ಬಂದು ಹುಳವನ್ನೆತ್ತಿ, ಕೆಂಪು ಬೊಟ್ಟು ನೋಡಿ, ಆ ಕಡೆಯನ್ನು ಒಂದನೇ ಕಾಲಿಗೆ ಹಿಡಿದು ಒತ್ತಿ ಕೂರಿಸಿ, ಸ್ವಿಚ್ಚು ಹಾಕಿದ.

ಚಿಟ್ ಎಂದಿತು. ಹುಳದ ಬೆನ್ನಿನಿಂದ ಕೂದಲೆಳೆಯಷ್ಟು ಹೊಗೆ ಎದ್ದಿತು. ಸುಟ್ಟ ವಾಸನೆ ಬಂದಾಗ ಮಾಪಣ್ಣನಿಗೆ ನೆನಪಾಯಿತು: ಬೊಟ್ಟು ಇಟ್ಟಿದ್ದು ಎಂಟು ಹುಳಕ್ಕೆ. ಈ ಒಂಬತ್ತನೆಯದಕ್ಕೆ ಇಟ್ಟೇ ಇರಲಿಲ್ಲ. ಬೆರಳಿಂದ ಮುಟ್ಟಿದ. ಕೆಂಪು ಪುಡಿ ಬೆರಳಿಗೆ ಹತ್ತಿತು.

"ಇದೇನ್ರಿ ಸರ?"

ಶ್ರೀನಿವಾಸ ಸರ್ ಎದ್ದು ನಿಂತಿದ್ದರು. "ಕುಂಕುಮರೀ... ಶುಕ್ರವಾರ ಅದ, ಒಂದಽ ಹುಳದ ಮ್ಯಾಲ ಎಲ್ಲಾ ನಿಂತದ, ಅಂತ ಜರಾ ಹಚ್ಚಿದೆ."

ಕಲಬುರಗಿಯಲ್ಲಿ ಹೊಸ ಸ್ಕೂಟರಿಗೂ ಹಿಟ್ಟಿನ ಗಿರಣಿಗೂ ಕುಂಕುಮ ಹಚ್ಚದೆ ಯಾರೂ ಕೈ ಹಚ್ಚುವುದಿಲ್ಲ. ಸರ್ ಮಾಡಿದ್ದರಲ್ಲಿ ಹೊಸದೇನೂ ಇರಲಿಲ್ಲ. ಹುಳದ ಒಂದನೇ ತುದಿಯಲ್ಲಿ ಕಣ್ಣಿಗೆ ಕಾಣುವಂಥ ಕಚ್ಚು ಇರುತ್ತದೆ. ಅರೆಗಳಿಗೆ ನಿಂತು ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಮಾಪಣ್ಣ ನೋಡಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಸಿಡಿದ.

"ಯಾರಿಗಿ ಕೇಳಿ ಮುಟ್ಟಿದ್ರಿ? ಹನ್ನೊಂದು ವರ್ಷ ಆತು, ನಿಮ್ಮ ಲ್ಯಾಬಿನ ಕೀಲಿ ನನ್ನ ಕಿಸ್ಯಾಗ ಅದ. ಒಂದ ದಿನ ಕೀಬೋರ್ಡ್ ಮುಟ್ಟಿಲ್ಲ ನಾ. ಮುಟ್ಟಬ್ಯಾಡ ಅಂದಿದ್ರಿ ನೀವು! ಇವತ್ತ ನನ್ನ ತಂಗಿ ಹಾಲಿಗಿ ಬಂದು ನನ್ನ ಹುಳಾ ನೀವು ಮುಟ್ಟಿದ್ರಿ. ಏನಾತು ನೋಡ್ರಿ."

ಹೊಲಿಗೆ ಯಂತ್ರಗಳೆಲ್ಲ ನಿಂತವು. ಶ್ರೀನಿವಾಸ ಸರ್ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದರು. ಕಸ್ತೂರಿಬಾಯಿ ಅಣ್ಣನ ಮುಖವನ್ನೂ ನೋಡದೆ ಹುಡುಗಿಯರನ್ನು ಮನೆಗೆ ಕಳಿಸಿದಳು. ಮಾಪಣ್ಣನಿಗೆ ಎಷ್ಟೋ ವರ್ಷದ ಮಾತು ಹೊರಗೆ ಬಂದದ್ದರಿಂದ ಹಗುರಾಗಬೇಕಿತ್ತು, ಆಗಲಿಲ್ಲ. ಆ ಎರಡು ದಿನ ಅವನು ಮಹಾಗಾಂವಕ್ಕೆ ಹೋದ, ಅಲ್ಲಿಂದ ಕಲಬುರಗಿಗೆ ಬಂದ, ಇಮಾಮುದ್ದೀನನ ಗುಜರಿಯ ತಳದವರೆಗೂ ಕೆದಕಿದ, ಏನೂ ಸಿಗದೆ ಮತ್ತೆ ಮಹಾಗಾಂವಕ್ಕೆ ಹೋದ. ಯಾಕೆ ಹೋದನೆಂದು ಅವನಿಗೇ ಗೊತ್ತಿರಲಿಲ್ಲ. ಹದಿನೆಂಟು ಹುಡುಗಿಯರ ವರ್ಷ ತನ್ನ ಕೈಯಿಂದ ಹಾಳಾಯಿತು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸೋಮವಾರ ಬೆಳಿಗ್ಗೆ ಅವನು ಲ್ಯಾಬಿನ ಹೊದಿಕೆಗಳನ್ನು ಮಡಚುತ್ತಿದ್ದಾಗ ಶ್ರೀನಿವಾಸ ಸರ್ ಬಂದರು. ಹುಡುಗರು ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಮಾಪಣ್ಣ, ಆವಾಗ ಲ್ಯಾಬಿನ್ಯಾಗ ವೈರಸ್ ಬಂದಿತ್ತರೀ. ಎಲ್ಲಾರಿಗೂ ಹೇಳಿದ್ದೆ, ಮುಟ್ಟಬ್ಯಾಡ್ರಿ ಅಂತ. ಆಮ್ಯಾಲ ಉಳಿದವರಿಗೆಲ್ಲಾ ಮುಟ್ರಿ ಅಂದೆ. ನಿಮಗ ಹೇಳಲಿಲ್ಲ. ಯಾಕ ಹೇಳಲಿಲ್ಲ ಅಂತ ಶುಕ್ರವಾರದಿಂದ ವಿಚಾರ ಮಾಡಾಕತ್ತೀನಿ. ಅದಕ್ಕ ಬಂದ ಉತ್ತರ ಚಲೋ ಇಲ್ಲ."

ಮಾಪಣ್ಣ ಮಡಚಿದ ಹೊದಿಕೆಯನ್ನೇ ಮತ್ತೆ ಬಿಚ್ಚಿ ಮಡಚಿದ. ಇರಲಿ ಬಿಡ್ರಿ ಎನ್ನಲು ಅವನಿಗೆ ಮನಸ್ಸಾಗಲಿಲ್ಲ; ಅಂದರೆ ಸುಳ್ಳಾಗುತ್ತಿತ್ತು. ಆದರೆ ಅವರ ಕೈಯಲ್ಲೊಂದು ಕಾಗದವಿತ್ತು, ಅದನ್ನು ನೋಡದೆ ಇರಲೂ ಆಗಲಿಲ್ಲ.

"ಪತ್ರಕ್ಕ ಉತ್ತರ ಬಂದದ," ಎಂದರು ಸರ್. "ಅವರು ಒಂದಽ ಮಾತು ಕೇಳ್ಯಾರ. ಎಷ್ಟು ಹೊತ್ತು ಕಾಯ್ದಿರಿ?"

"ಎಲ್ಲಿ?"

"ಸ್ವಿಚ್ ಹಾಕಿದ ಮ್ಯಾಲ. ಈ ಪ್ರೋಗ್ರಾಂಗೆ ಪರದೆ ಹೊತ್ತಿಸಾಕ ಬರಂಗಿಲ್ಲಂತ. ಕತ್ತಲದಾಗ ಎಲ್ಲಾ ಎಬ್ಬಿಸಿ, ಡಿಸ್ಕಿನ್ಯಾಗಿನ ಲಿನಕ್ಸಿಗೆ ಕೊಡತದ. ಪರದೆ ಹೊತ್ತಿಸೋದು ಅದು. ಹಳೇ ಡಿಸ್ಕ್ ಇದ್ದರ ಒಂದೂವರೆ ನಿಮಿಷ ಹಿಡೀಬಹುದು ಅಂತ. ಎಷ್ಟು ಕಾಯ್ದಿರಿ, ಮಾಪಣ್ಣ?"

ಮಾಪಣ್ಣ ಅವತ್ತು ಐದು ಎಣಿಸಿದ್ದ. ಎರಡನೇ ಸಲ ಬಹುಶಃ ಎಂಟು. ಲ್ಯಾಬಿನ ಕೀಲಿಯನ್ನು ಸರ್ ಕೈಗೆ ಹಾಕಿ, ಚಪ್ಪಲಿ ಕೈಯಲ್ಲೇ ಹಿಡಿದು ಓಡಿದ. ಕಮಲಾಪುರದ ಬಸ್ಸು ಹೊರಡಲು ಹದಿನೈದು ನಿಮಿಷವಿತ್ತು. ನಡೆಯಬೇಕೆನಿಸಿತು. ಬಸ್ಸಿನ ರಾಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟ.

ಹಾಲಿಗೆ ಬಂದು ತಗಡಿನ ಡಬ್ಬಿಯನ್ನು ಬೋರಲು ಹಾಕಿದರೆ ಸೂಜಿ ಬಿದ್ದವು, ಗುಂಡಿ ಬಿದ್ದವು, ಹುಳ ಬೀಳಲಿಲ್ಲ.

"ಯವ್ವಾ, ಸತ್ತ ಹುಳಾ ಎಲ್ಲದ?"

ಪುತಳಾಬಾಯಿ ಕೌದಿಯ ಅಡಿಯಿಂದ ಒಂದು ದಾರದ ಉಂಡೆ ತೆಗೆದಳು. "ಸತ್ತದ ಅಂದಿದ್ದಿಯಲ್ಲ, ಅದಕ್ಕ ದಾರ ಸುತ್ತೀನಿ. ಕಾಲು ಚಲೋ ಹಿಡೀತಾವ, ಜಾರಂಗಿಲ್ಲ."

ಅವನು ಕತ್ತರಿಗೆ ಕೈ ಹಾಕಿದ. ಅವಳು ಕೈಗೆ ಹೊಡೆದಳು. "ಮೇಣಾ ಹಚ್ಚಿದ ದಾರ ಅದ. ಕತ್ತರಿಸಿಗಿತ್ತರಿಸಿದಿ ನೋಡು!" ಮತ್ತೆ ತಾನೇ ಕೂತು, ಒಂದೊಂದೇ ಸುತ್ತು ಬಿಚ್ಚಿ, ಬಿಚ್ಚಿದ್ದನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಮಾಪಣ್ಣ ಹಾಲಿನ ಆ ಗೋಡೆಯಿಂದ ಈ ಗೋಡೆಗೆ ನಡೆದ. ದಾರ ಮುಗಿಯುವಷ್ಟರಲ್ಲಿ ಅವನು ಮಹಾಗಾಂವ ಮುಟ್ಟಬಹುದಿತ್ತು. ಕೊನೆಗೆ ಹುಳ ಕೈಗೆ ಬಂತು. ಎರಡು ಕಾಲು ಬಾಗಿದ್ದವು. ಚಿಮಟಿಗೆಯಿಂದ ಅವನ್ನು ನೆಟ್ಟಗೆ ಮಾಡಿದ. ಬೊಟ್ಟು ನೋಡಿದ, ಕಚ್ಚು ನೋಡಿದ, ಮತ್ತೆ ಬೊಟ್ಟು ನೋಡಿದ. ಕೂರಿಸಿ ಸ್ವಿಚ್ಚು ಹಾಕಿದ.

ಕಪ್ಪು. ಫ್ಯಾನಿನ ಸದ್ದೊಂದೇ. ಅವನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಕಸ್ತೂರಿಬಾಯಿ ಅವನ ಮಣಿಕಟ್ಟು ಹಿಡಿದಳು. ಅವನು ಬಿಡಿಸಿಕೊಳ್ಳಲು ನೋಡಿದ.

"ಸತ್ತದ ಬಿಡು. ಖರೇನ ಸತ್ತದ," ಎಂದ.

"ಈ ಸಾಲು ಮುಗೀತನಕ ಮುಟ್ಟಬ್ಯಾಡ," ಎಂದಳು ಪುತಳಾಬಾಯಿ. ಸೂಜಿ ಕೌದಿಯೊಳಗೆ ಹೋಗಿ ಬಂತು, ಹೋಗಿ ಬಂತು. ಮಾಪಣ್ಣ ಅದನ್ನೇ ನೋಡುತ್ತ ನಿಂತ. ತನ್ನ ಬದುಕಿನಲ್ಲಿ ತಾನು ಇಷ್ಟು ಬೇಗ ಆರಿಸಿಬಿಟ್ಟದ್ದು ಇನ್ನೂ ಏನೇನಿದೆಯೋ ಎಂಬ ಯೋಚನೆ ಬಂದು ಅವನಿಗೆ ಹೆದರಿಕೆಯಾಯಿತು. ಸಾಲು ಮುಗಿಯಿತು; ಅವಳು ಬಟ್ಟೆ ತಿರುಗಿಸಿ ಇನ್ನೊಂದು ಹಿಡಿದಳು. ಆಗ ಕಪ್ಪು ಪರದೆಯ ಮೇಲಿನ ಮೂಲೆಯಲ್ಲಿ ಒಂದು ಬಿಳಿ ಸಾಲು ಬಂತು. ಅದರ ಕೆಳಗೆ ಇನ್ನೊಂದು. ಆಮೇಲೆ ದಡದಡ ಸಾಲುಗಳು ಇಳಿದು, ಕೊನೆಗೆ ಯಂತ್ರ ನಿಂತು, ಒಳಗೆ ಬರುವವರ ಹೆಸರು ಕೇಳಿತು. ಸೂರ್ಯನಿಲ್ಲ, ಸಂಖ್ಯೆಯ ಡಬ್ಬಿಯಿಲ್ಲ. ಮಾಪಣ್ಣ ತಾಯಿಯ ಮುಂದೆಯೇ ಅತ್ತ. ಕಸ್ತೂರಿಬಾಯಿ ಮಣಿಕಟ್ಟು ಬಿಡಲಿಲ್ಲ.

ಈಗ ಗುಜರಿ ಹುಳದ ಹಂಗೇ ಬೇಕಿರಲಿಲ್ಲ. ಬಿಡುಗಡೆಯಾದ ಈ ಒಂದು ಯಂತ್ರದಲ್ಲಿ ಕೂತೇ ಉಳಿದ ಹುಳಗಳಿಗೆಲ್ಲ ಬರೆಯಬಹುದಿತ್ತು. ಮರುದಿನ ಲ್ಯಾಬಿನಲ್ಲಿ ಮಾಪಣ್ಣ ಸರ್ ಹತ್ತಿರ ಹೋದ. "ಭಾನುವಾರ ಬರ್ರಿ ಸರ. ಕುಂಕುಮ ತರಬ್ಯಾಡ್ರಿ." ಸರ್ ನಕ್ಕರು, ಇವನು ಪೂರ್ತಿ ನಗಲಿಲ್ಲ. ಭಾನುವಾರ ಸರ್ ಪ್ರೋಗ್ರಾಂನ ಆಜ್ಞೆಗಳನ್ನು ಓದಿ ಹೇಳಿದರು, ಕುರ್ಚಿಯಲ್ಲಿ ಕೂತು ಕೀಬೋರ್ಡಿನ ಮೇಲೆ ಬಡಿದವನು ಮಾಪಣ್ಣ. ಒಂದೊಂದೇ ಬೆರಳಿನಲ್ಲಿ, ಹಣೆಯ ಮೇಲೆ ಬೆವರು ಸುರಿಸುತ್ತ. ದಾರ ಎಳೆಯುವ ಕೆಲಸ ಕಸ್ತೂರಿಬಾಯಿಯದು. ಒಂದು ಹುಳದ ಕಾಲು ಮುರಿಯಿತು, ಇನ್ನೊಂದು ಯಾಕೋ ಏಳಲಿಲ್ಲ. ಆರು ಯಂತ್ರ ಎದ್ದವು.

ಹತ್ತನೇ ತಾರೀಖು ಮಂಡಳಿಯ ಸಾಹೇಬರು ಜೀಪಿನಲ್ಲಿ ಬಂದರು. ಅವಸರದಲ್ಲಿದ್ದರು, ಇನ್ನೂ ಎರಡು ಊರು ನೋಡಬೇಕಿತ್ತು. ಹದಿನೆಂಟು ಹುಡುಗಿಯರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಶ್ರೀನಿವಾಸ ಸರ್ ಬಾಗಿಲ ಹತ್ತಿರ. ಮಾಪಣ್ಣ ಸಾಲಾಗಿ ಆರು ಸ್ವಿಚ್ಚು ಹಾಕಿದ. ಆರು ಪರದೆ ಕಪ್ಪು. ಸಾಹೇಬರು ಒಂದು ಕ್ಷಣ ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

"ಇವು ಸತ್ತಾವಲ್ರಿ?"

ಒಬ್ಬ ಹುಡುಗಿ ಬಿಕ್ಕಿದ್ದು ಕೇಳಿಸಿತು. ಮಾಪಣ್ಣ ಒಂದು ಕುರ್ಚಿ ಎಳೆದ.

"ಕೂಡ್ರಿ ಸಾಹೇಬ್ರ. ಸತ್ತಿಲ್ಲ. ಬಾಳೆಹಣ್ಣು ತಗೋರಿ, ನಮ್ಮ ಕಮಲಾಪುರದ್ದು."

ಸಾಹೇಬರು ಗಡಿಯಾರ ನೋಡಿಕೊಂಡು ಕೂತರು. ಕೆಂಪು ಬಾಳೆಯ ಸಿಪ್ಪೆ ದಪ್ಪ. ಸುಲಿಯಲು ಹೊತ್ತು ಬೇಕು. ಅವರು ಅರ್ಧ ಹಣ್ಣು ತಿನ್ನುವಷ್ಟರಲ್ಲಿ ಮೊದಲ ಪರದೆಯ ಮೂಲೆಯಲ್ಲಿ ಬಿಳಿ ಸಾಲು ಬಂತು, ಮುಗಿಸುವಷ್ಟರಲ್ಲಿ ಆರೂ ಹೊತ್ತಿಕೊಂಡವು. ಹುಡುಗಿಯರು ಹೋಗಿ ಕೂತು ಟೈಪು ಮಾಡಿ ತೋರಿಸಿದರು. ಸಾಹೇಬರು ಕೈ ಒರೆಸಿಕೊಂಡು ಫಾರಮ್ಮು ತುಂಬತೊಡಗಿ, ಒಂದು ಕಡೆ ನಿಂತರು.

"ಶುರುವಿಗೆ ಕಂಪನಿ ಚಿತ್ರಾ ಬರಲಿಲ್ಲ. ಯಾವ ಕಂಪನಿದ್ದು ಇವು? ಬಾಡಿಗಿದೋ ಏನು?"

"ಕಂಪನಿದು ಇತ್ತರೀ," ಎಂದ ಮಾಪಣ್ಣ. "ಈಗ ಯಾರ ಕೀಲೀನೂ ಇಲ್ಲ ಇದಕ್ಕ. ನಮ್ಮವು."

ಸಾಹೇಬರು ಬಾಡಿಗೆ ಎಂಬುದನ್ನು ಹೊಡೆದುಹಾಕಿ, ಸ್ವಂತ ಎಂಬುದರ ಮುಂದೆ ಗುರುತು ಮಾಡಿ, ಸಹಿ ಹಾಕಿದರು. ಜೀಪು ಹೋಯಿತು. ಹುಡುಗಿಯರ ಗದ್ದಲದಲ್ಲಿ ಯಾರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಮಾಪಣ್ಣ ಹೊರಗೆ ಬಂದು ತಾಯಿಯ ಪಕ್ಕ ಕಟ್ಟೆಯ ಮೇಲೆ ಕೂತ. ಕೂತದ್ದೇ ತಡ, ಎಡಗಾಲು ಕುಣಿಯಲು ಶುರುವಾಯಿತು.

ಪುತಳಾಬಾಯಿ ಆ ಕಾಲನ್ನು ನೋಡಿದಳು. "ಅವತ್ತ ಒಳಗ ನಾ ಎರಡು ಸಾಲು ಹೊಲಿಯೋತನಕ ಸುಮ್ಮ ನಿಂತಿತ್ತು," ಅಂದಳು. "ನಾ ನೋಡೀನಿ."